ಸಿದ್ಧ ಉತ್ತರಗಳ ರಾಜಕಾರಣ

ವಿದ್ಯಾರ್ಥಿಯ ಹೋಮ್‌ವರ್ಕಿನ ಪ್ರಶ್ನೆಗೆ ಹಿರಿಯರು ಉತ್ತರ ಬರೆಸಿಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸವೆಂದೇ ಪರಿಗಣಿತವಾಗಿದೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಂಥ ಊರುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಂತೂ ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು, ಬೀದಿಯ ಭಾಷೆ ಮತ್ತೊಂದು ಆಗಿರುವಾಗ, ಯಾರಾದರೂ ಉತ್ತರವನ್ನು ಹೇಳಿಬಿಟ್ಟರೆ ಸಾಕೆಂಬ ಆತುರ ಸಹಜವಾದದ್ದೇ. ಗೈಡು, ಟ್ಯೂಷನ್ನು, ಪಕ್ಕದ ಮನೆಯ ಪದವೀಧರ, ಸಂಘದ ಉಚಿತ ಪಾಠದ ಸ್ವಯಂಸೇವಕ, ಈಗ ಅಂಗೈಯಲ್ಲಿನ ಫೋನು, ಇವೆಲ್ಲವೂ ಈ ಆತುರಕ್ಕೆ ಒದಗಿದ ಸಾಧನಗಳು. ಈ ಪುಣ್ಯವನ್ನು ಪ್ರಶ್ನಿಸುವುದು ಪ್ರಸ್ತುತ ಲೇಖನದ ಉದ್ದೇಶ. ಎಲ್ಲ ವಿಷಯಗಳಿಗೂ ಅನ್ವಯಿಸಿ ಈ ಮಾತನ್ನು ಹೇಳುತ್ತಿಲ್ಲ. ನಾಲ್ಕು ವಿಷಯಗಳಿಗೆ ಮಾತ್ರ: ಸರಕಾರ, ಕಾನೂನು, ನೀತಿ ಮತ್ತು ಸಂಖ್ಯಾಶಾಸ್ತ್ರ. ಈ ನಾಲ್ಕರಲ್ಲಿ ವಿದ್ಯಾರ್ಥಿಯ ಪರವಾಗಿ ಉತ್ತರ ಬರೆದುಕೊಡುವುದೆಂದರೆ, ಮತಗಟ್ಟೆಗೆ ಹೋಗಿ ಅವರ ಪರವಾಗಿ ಮತ ಹಾಕಿ ಬರುವುದಕ್ಕೆ ಸಮ ಎಂಬುದು ನನ್ನ ವಾದ.

ಈ ನಾಲ್ಕೇ ಏಕೆ ಎಂದು ಕೇಳಬಹುದು. ರೇಖಾಗಣಿತದ ಲೆಕ್ಕವೊಂದನ್ನು ಬೇರೆಯವರು ಬಿಡಿಸಿಕೊಟ್ಟರೆ ವಿದ್ಯಾರ್ಥಿಗೆ ನಷ್ಟವಾಗುತ್ತದೆ, ನಿಜ. ಆದರೆ ತ್ರಿಕೋನದ ಕೋನಗಳ ಮೊತ್ತ ಅದನ್ನು ಬರೆದವರು ಯಾರೆಂಬುದನ್ನು ಅವಲಂಬಿಸಿಲ್ಲ. ರಾಜ್ಯಪಾಲರ ಅಧಿಕಾರಕ್ಕೆ ಮಿತಿ ಎಲ್ಲಿದೆ, ಒಂದು ಶಾಸನ ನ್ಯಾಯವಾದದ್ದೇ ಅಲ್ಲವೇ, ಸುಳ್ಳು ಹೇಳಿ ಒಬ್ಬರನ್ನು ಕಾಪಾಡಬಹುದೇ, ಒಂದು ಸರಾಸರಿ ಯಾರನ್ನು ಮರೆಮಾಚುತ್ತಿದೆ ಎಂಬಂಥ ಪ್ರಶ್ನೆಗಳ ಸ್ವರೂಪ ಬೇರೆ. ಇಲ್ಲಿ ಉತ್ತರವೆಂದರೆ ತೀರ್ಮಾನ. ತೀರ್ಮಾನ ಮಾಡುವ ಶಕ್ತಿಯನ್ನು ರೂಢಿಸುವ ಸಲುವಾಗಿಯೇ ಪ್ರಶ್ನೆ. ಸಂವಿಧಾನ ಸಭೆಯಲ್ಲಿ ೧೯೪೮ರ ನವೆಂಬರ್ ೪ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಅಂಬೇಡ್ಕರ್ ಅವರು, ಸಾಂವಿಧಾನಿಕ ನೈತಿಕತೆಯೆಂಬುದು ಹುಟ್ಟಿನಿಂದ ಬರುವ ಭಾವನೆಯಲ್ಲ, ಅದನ್ನು ಕೃಷಿ ಮಾಡಿ ಬೆಳೆಸಬೇಕಾಗುತ್ತದೆ, ನಮ್ಮ ಜನ ಅದನ್ನು ಇನ್ನೂ ಕಲಿಯಬೇಕಾಗಿದೆ ಎಂಬ ಅರ್ಥದ ಮಾತನ್ನಾಡಿದರು. ಕೃಷಿ ಎಂದ ಮೇಲೆ ಉಳುವ ಕೆಲಸವೂ ಇದ್ದೇ ಇರಬೇಕಷ್ಟೆ. ಉತ್ತ ಹೊಲವಿಲ್ಲದೆ ಪೇಟೆಯಿಂದ ತಂದ ಧಾನ್ಯದಿಂದ ಕಣಜ ತುಂಬಿಸಿ, ಬೆಳೆ ಬಂದಿತೆಂದು ಹಿಗ್ಗುವ ಸ್ಥಿತಿಗೆ ನಮ್ಮ ಪೌರಶಿಕ್ಷಣ ಬಂದು ನಿಂತಿದೆ.

ಉತ್ತರಗಳ ಪೇಟೆ ಈಗ ಜಾಗತಿಕವಾದದ್ದು. ಅಮೆರಿಕದಲ್ಲಿ ೨೦೦೫ರಲ್ಲಿ ಸ್ಥಾಪಿತವಾದ ಚೆಗ್ ಎಂಬ ಕಂಪನಿ ಅಲ್ಲಿನ ಕಾಲೇಜು ವಿದ್ಯಾರ್ಥಿಗಳ ಹೋಮ್‌ವರ್ಕಿನ ಪ್ರಶ್ನೆಗಳಿಗೆ ಚಂದಾ ಪಡೆದು ಉತ್ತರ ಒದಗಿಸುವ ವ್ಯಾಪಾರವನ್ನು ಬೆಳೆಸಿತು. ಆ ಉತ್ತರಗಳನ್ನು ಬರೆದವರಲ್ಲಿ ಸಾವಿರಾರು ಮಂದಿ ಭಾರತದ ಪದವೀಧರರು. ಅಲ್ಲಿಯ ಹುಡುಗ ಮಲಗಿದ್ದಾಗ ಇಲ್ಲಿಯ ಎಂ.ಎಸ್‌ಸಿ. ಪದವೀಧರ ಕುಳಿತು ಅವನ ಅಭ್ಯಾಸವನ್ನು ಮುಗಿಸಿಕೊಟ್ಟ ಈ ಏರ್ಪಾಟಿಗೆ ಜಾಗತೀಕರಣದ ಯುಗದಲ್ಲಿ ಜ್ಞಾನಸೇವೆ ಎಂಬ ಘನವಾದ ಹೆಸರೂ ದೊರೆಯಿತು. ೨೦೨೨ರ ನವೆಂಬರ್ ೩೦ರಂದು ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೇ ಪುಕ್ಕಟೆಯಾಗಿ ಉತ್ತರ ಬರೆಯತೊಡಗಿತು. ೨೦೨೩ರ ಮೇ ೨ರ ಒಂದೇ ದಿನದಲ್ಲಿ ಚೆಗ್ ಕಂಪನಿಯ ಷೇರಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. ವಿದ್ಯಾರ್ಥಿಗಳು ಪಡೆಯುತ್ತಿದ್ದ ಸರಕಿನ ನಿಜವಾದ ಸ್ವರೂಪವನ್ನು ಆ ಕುಸಿತ ಬಯಲುಮಾಡಿತು. ಅವರಿಗೆ ಬೇಕಿದ್ದದ್ದು ಗುರುವಾಗಿದ್ದರೆ, ಗುರುವನ್ನು ಅಷ್ಟು ಬೇಗ ಬಿಟ್ಟುಕೊಡುತ್ತಿರಲಿಲ್ಲ.

ಕೆಲವು ದೇಶಗಳು ಈ ವ್ಯಾಪಾರವನ್ನು ಕಾನೂನಿನಿಂದ ತಡೆಯಲು ಹೊರಟಿವೆ. ನ್ಯೂಜಿಲೆಂಡ್ ೨೦೧೧ರಲ್ಲಿ, ಐರ್ಲೆಂಡ್ ೨೦೧೯ರಲ್ಲಿ, ಆಸ್ಟ್ರೇಲಿಯಾ ೨೦೨೦ರಲ್ಲಿ, ಇಂಗ್ಲೆಂಡ್ ೨೦೨೨ರಲ್ಲಿ ಪರರಿಗಾಗಿ ಪ್ರಬಂಧ, ಉತ್ತರಗಳನ್ನು ಬರೆದುಕೊಡುವ ಸೇವೆಗಳನ್ನು ಅಪರಾಧವೆಂದು ಸಾರಿದವು. ನಮ್ಮಲ್ಲಿ ೨೦೨೪ರ ಜೂನ್‌ನಲ್ಲಿ ಜಾರಿಗೆ ಬಂದ ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆ ಕಾಯಿದೆ ಪ್ರಶ್ನೆಪತ್ರಿಕೆಯನ್ನು ಸೋರಿಸುವವರಿಗೆ ಸೆರೆವಾಸವನ್ನೂ, ಸಂಘಟಿತ ಅಪರಾಧವಾದರೆ ಕನಿಷ್ಠ ಒಂದು ಕೋಟಿ ರೂಪಾಯಿಯ ದಂಡವನ್ನೂ ವಿಧಿಸುತ್ತದೆ. ಇವೆಲ್ಲ ಬೇಕಾದವುಗಳೇ. ಆದರೆ ಉತ್ತರವನ್ನು ಮಾರುವವನನ್ನು ಶಿಕ್ಷಿಸುವ ಯಾವ ಕಾನೂನೂ ಉತ್ತರವನ್ನು ಪ್ರೀತಿಯಿಂದ ದಾನ ಮಾಡುವವರನ್ನು ಮುಟ್ಟಲಾರದು, ಮುಟ್ಟಲೂ ಬಾರದು. ಅದು ನಾವು ನಾವೇ ಮಾಡಿಕೊಳ್ಳಬೇಕಾದ ವಿಮರ್ಶೆ.

ಮೊದಲು ಸರಕಾರದ ವಿಷಯವನ್ನು ನೋಡೋಣ. ರಾಷ್ಟ್ರಪತಿ ಆಳ್ವಿಕೆಯನ್ನು ಯಾವ ಸಂದರ್ಭಗಳಲ್ಲಿ ಹೇರಬಹುದು ಎಂಬ ಪ್ರಶ್ನೆಗೆ ೩೫೬ನೆಯ ವಿಧಿಯನ್ನು ಹೆಸರಿಸಿ ಐದು ಅಂಶಗಳ ಉತ್ತರವನ್ನು ಬರೆಸುವುದು ಸುಲಭ. ಆ ಐದು ಅಂಶಗಳಲ್ಲಿ ಕಾಣೆಯಾಗುವುದು ಜಗಳ. ೧೯೮೯ರ ಏಪ್ರಿಲ್‌ನಲ್ಲಿ ಕರ್ನಾಟಕದ ಎಸ್. ಆರ್. ಬೊಮ್ಮಾಯಿ ಸರಕಾರ ವಜಾ ಆಯಿತು. ಶಾಸಕರ ಕೆಲವು ಪತ್ರಗಳನ್ನು ಆಧರಿಸಿ ಬಹುಮತವಿಲ್ಲವೆಂದು ರಾಜ್ಯಪಾಲರು ವರದಿ ಮಾಡಿದ್ದರು; ಸದನದಲ್ಲಿ ಬಹುಮತವನ್ನು ತೋರಿಸುತ್ತೇನೆಂಬ ಮುಖ್ಯಮಂತ್ರಿಯ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ೧೯೯೪ರ ಮಾರ್ಚ್ ೧೧ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿಯೇ ಎಂದು ಹೇಳಿತು. ಆ ವಜಾ ಅಸಾಂವಿಧಾನಿಕವೆಂದಿತು. ಆದರೆ ಅಷ್ಟರಲ್ಲಿ ಐದು ವರ್ಷಗಳು ಸಂದುಹೋಗಿದ್ದವು. ಅದೇ ತೀರ್ಪು ೧೯೯೨ರ ಡಿಸೆಂಬರ್ ೬ರ ಘಟನೆಯ ಬಳಿಕ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರಕಾರಗಳನ್ನು ವಜಾಗೊಳಿಸಿದ್ದನ್ನು ಎತ್ತಿಹಿಡಿಯಿತು. ತಡವಾಗಿ ಬಂದ ನ್ಯಾಯದ ಪ್ರಯೋಜನವೇನು? ತೀರ್ಪಿನ ಈ ಎರಡು ಭಾಗಗಳು ಒಂದಕ್ಕೊಂದು ಹೊಂದುತ್ತವೆಯೇ? ತನ್ನ ವಸತಿ ಸೊಸೈಟಿಯ ಚುನಾವಣೆಯನ್ನು ಕಂಡ ಹದಿನೈದು ವರ್ಷದ ಹುಡುಗಿ ಕೂಡ ಈ ಪ್ರಶ್ನೆಗಳನ್ನು ಯೋಚಿಸಬಲ್ಲಳು. ತಲೆ ಎಣಿಸುವ ಅಧಿಕಾರ ಯಾರದು, ಎಣಿಸುವ ಜಾಗ ಯಾವುದು ಎಂಬುದು ಅವಳಿಗೆ ಅರ್ಥವಾಗದ ಸಂಗತಿಯೇನಲ್ಲ. ಐದು ಅಂಶಗಳ ಉತ್ತರ ಅವಳನ್ನು ಆ ಯೋಚನೆಯಿಂದ ಬಿಡುಗಡೆ ಮಾಡಿಬಿಡುತ್ತದೆ.

ಕಾನೂನಿನ ವಿಷಯದಲ್ಲಿ ಸಿದ್ಧ ಉತ್ತರದ ದೋಷ ಇನ್ನೊಂದು ಬಗೆಯದು. ಕೇಶವಾನಂದ ಭಾರತಿ ಪ್ರಕರಣವೆಂದೊಡನೆ ಮೂಲಸ್ವರೂಪ ಸಿದ್ಧಾಂತ ಎಂಬ ಎರಡು ಪದಗಳು ವಿದ್ಯಾರ್ಥಿಯ ಬಾಯಿಂದ ಹೊರಬೀಳುತ್ತವೆ. ಕೇಶವಾನಂದ ಭಾರತಿಯವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾಗಿದ್ದರು, ಅಂದರೆ ಕರ್ನಾಟಕದ ಹೊರಗುಳಿದ ನಮ್ಮಂಥ ಕನ್ನಡಿಗರ ನಡುವಿನವರೇ. ಅವರು ನ್ಯಾಯಾಲಯದ ಮೆಟ್ಟಿಲೇರಿದ್ದು ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ. ಹದಿಮೂರು ನ್ಯಾಯಮೂರ್ತಿಗಳ ಪೀಠ ೬೮ ದಿನ ವಾದ ಕೇಳಿ ೧೯೭೩ರ ಏಪ್ರಿಲ್ ೨೪ರಂದು ಏಳಕ್ಕೆ ಆರರ ಅಂತರದಲ್ಲಿ ಸಂಸತ್ತಿನ ತಿದ್ದುಪಡಿಯ ಅಧಿಕಾರಕ್ಕೆ ಮಿತಿಯನ್ನು ಗುರುತಿಸಿತು. ಸ್ವಾಮಿಗಳು ಬೇಡಿದ ಪರಿಹಾರ ಮಾತ್ರ ಅವರಿಗೆ ದೊರೆಯಲಿಲ್ಲ. ಕೇರಳದ ಭೂಸುಧಾರಣೆಯನ್ನು ರಕ್ಷಿಸಿದ ೨೯ನೆಯ ತಿದ್ದುಪಡಿ ಊರ್ಜಿತವಾಯಿತು. ಭೂಮಾಲಿಕತ್ವದ ಪರವಾಗಿ ಹೂಡಿದ ದಾವೆಯಿಂದ ಪ್ರಜಾಪ್ರಭುತ್ವದ ರಕ್ಷಾಕವಚ ಹುಟ್ಟಿದ್ದು ಹೇಗೆ? ಆರು ಮಂದಿ ನ್ಯಾಯಮೂರ್ತಿಗಳು ಒಪ್ಪದೆ ಹೋದದ್ದು ಏಕೆ? ಒಂದೇ ಮತದಿಂದ ಗೆದ್ದ ಸಿದ್ಧಾಂತವನ್ನು ನಾವು ಎಷ್ಟು ಗಟ್ಟಿಯೆಂದು ನಂಬಬೇಕು? ಕಾನೂನಿನ ವಿದ್ಯಾಭ್ಯಾಸ ಆರಂಭವಾಗಬೇಕಾದದ್ದು ಈ ಪ್ರಶ್ನೆಗಳಿಂದ.

ಸಿದ್ಧ ಉತ್ತರಕ್ಕೆ ತಾರೀಖು ಇರುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ವಂಚಕನನ್ನು ಫೋರ್ ಟ್ವೆಂಟಿ ಎಂದು ಕರೆಯುವುದು ನಮ್ಮ ಆಡುಮಾತಿನಲ್ಲೇ ಬೆರೆತುಹೋಗಿದೆ. ೨೦೨೪ರ ಜುಲೈ ೧ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ೧೮೬೦ರ ದಂಡಸಂಹಿತೆ ಹಿಂದೆ ಸರಿದಾಗ, ಆ ೪೨೦ನೆಯ ಕಲಮು ೩೧೮ನೆಯ ಕಲಮಿನ ನಾಲ್ಕನೆಯ ಉಪಕಲಮಾಯಿತು. ಹಾಗೆಂದು ಹಳೆಯದು ಸತ್ತೇಹೋಯಿತೆಂದೂ ಅಲ್ಲ. ಆ ದಿನಾಂಕಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ. ಉತ್ತರವನ್ನು ಕಂಠಪಾಠ ಮಾಡಿದವರಿಗೆ ಇದು ಗೊಂದಲ. ಯಾವ ದಿನದ ಕಾನೂನು, ಯಾವ ದಿನದ ಕೃತ್ಯ ಎಂದು ಕೇಳಲು ಕಲಿತವರಿಗೆ ಸರಳ ಸಂಗತಿ. ಯಂತ್ರವನ್ನು ನಂಬಿದ ವಕೀಲರ ಗತಿಯೂ ನಮ್ಮ ಕಣ್ಣೆದುರಿಗಿದೆ. ೨೦೨೩ರ ಜೂನ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಹೆಣೆದುಕೊಟ್ಟ, ಎಂದೂ ಇಲ್ಲದಿದ್ದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ ೫೦೦೦ ಡಾಲರ್ ದಂಡ ವಿಧಿಸಿತು. ನ್ಯಾಯಾಧೀಶರ ಮುಂದೆ ನಿಂತ ವಕೀಲರೇ ಮೂಲವನ್ನು ತೆರೆದು ನೋಡದಿರುವಾಗ, ಎಂಟನೆಯ ಇಯತ್ತೆಯ ಮಗು ನೋಡೀತೆಂದು ನಿರೀಕ್ಷಿಸುವುದು ಹೇಗೆ?

ನೀತಿಯ ವಿಷಯಕ್ಕೆ ಬಂದರೆ ಪರಿಸ್ಥಿತಿ ಪ್ರಹಸನದ ಹಂತವನ್ನು ತಲುಪಿದೆ. ಕೇಂದ್ರ ಲೋಕಸೇವಾ ಆಯೋಗ ೨೦೧೩ರಿಂದ ನಾಗರಿಕ ಸೇವಾ ಪರೀಕ್ಷೆಯಲ್ಲಿ ನೀತಿ, ಪ್ರಾಮಾಣಿಕತೆಗಳ ಕುರಿತು ೨೫೦ ಅಂಕಗಳ ಪ್ರತ್ಯೇಕ ಪತ್ರಿಕೆಯನ್ನು ಇಟ್ಟಿದೆ. ಆಡಳಿತದ ಇಕ್ಕಟ್ಟಿನ ಸನ್ನಿವೇಶಗಳನ್ನು ಕೊಟ್ಟು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅದರಲ್ಲಿ ಕೇಳಲಾಗುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ದೆಹಲಿಯ ಕೋಚಿಂಗ್ ಕೇಂದ್ರಗಳು ಆ ಇಕ್ಕಟ್ಟುಗಳಿಗೂ ಮಾದರಿ ಉತ್ತರಗಳನ್ನು ಅಚ್ಚು ಹಾಕಿ ಮಾರುತ್ತಿವೆ. ಯಾವ ಚಿಂತಕನ ಹೆಸರನ್ನು ಎಲ್ಲಿ ತರಬೇಕು, ಕರುಣೆ ಎಂಬ ಪದವನ್ನು ಯಾವ ಪರಿಚ್ಛೇದದಲ್ಲಿ ಇಡಬೇಕು ಎಂಬುದಕ್ಕೂ ಸೂತ್ರಗಳಿವೆ. ಪ್ರಾಮಾಣಿಕತೆಯನ್ನು ಬೇರೊಬ್ಬರಿಂದ ಬರೆಸಿಕೊಂಡು ಬಾಯಿಪಾಠ ಮಾಡಿದವರು ನಾಳೆ ಜಿಲ್ಲೆಯನ್ನು ಆಳುತ್ತಾರೆ.

ಗಾಂಧೀಜಿ ರಾಜಕೋಟೆಯ ಶಾಲೆಯಲ್ಲಿದ್ದಾಗಿನ ಪ್ರಸಂಗವನ್ನು ನಾವೆಲ್ಲ ಓದಿದ್ದೇವೆ. ತನಿಖೆಗೆ ಬಂದ ಗೈಲ್ಸ್ ಎಂಬ ಇನ್‌ಸ್ಪೆಕ್ಟರು ಬರೆಯಿಸಿದ ಐದು ಇಂಗ್ಲಿಷ್ ಪದಗಳಲ್ಲಿ ಕೆಟಲ್ ಎಂಬುದನ್ನು ಹುಡುಗ ತಪ್ಪಾಗಿ ಬರೆದ, ಪಕ್ಕದವನದನ್ನು ನೋಡಿ ಬರೆದುಕೊಳ್ಳೆಂದು ಉಪಾಧ್ಯಾಯರೇ ಬೂಟುಗಾಲಿನ ತುದಿಯಿಂದ ಸನ್ನೆ ಮಾಡಿದರು, ಹುಡುಗ ಮಾಡಲಿಲ್ಲ. ಈ ಪ್ರಸಂಗದಲ್ಲಿ ಉತ್ತರದಾನಕ್ಕೆ ಮುಂದಾದವರು ಉಪಾಧ್ಯಾಯರೇ ಎಂಬುದನ್ನು ನಾವು ಎತ್ತಿ ಹೇಳುವುದಿಲ್ಲ. ಆ ಉಪಾಧ್ಯಾಯರು ದುಷ್ಟರಾಗಿರಲಿಲ್ಲ; ಶಾಲೆಯ ಮರ್ಯಾದೆ ಉಳಿಯಬೇಕೆಂದಷ್ಟೇ ಬಯಸಿದವರು. ಇಂದು ನಮ್ಮ ಮನೆಗಳಲ್ಲಿ ಆ ಬೂಟಿನ ಕಾಲು ನಮ್ಮದೇ ಆಗಿದೆ. ವಿಪರ್ಯಾಸವೆಂದರೆ, ಸತ್ಯನಿಷ್ಠೆಯ ಬಗ್ಗೆ ಟಿಪ್ಪಣಿ ಬರೆಯಿರಿ ಎಂಬ ಹೋಮ್‌ವರ್ಕಿಗೆ ಇದೇ ಪ್ರಸಂಗವನ್ನು ನಾವು ನಕಲು ಮಾಡಿಸುತ್ತೇವೆ.

ಸಂಖ್ಯಾಶಾಸ್ತ್ರದಲ್ಲಿ ಅಭಿಪ್ರಾಯಕ್ಕೆ ಎಡೆಯಿಲ್ಲ, ಅಲ್ಲಿ ಉತ್ತರ ಹೇಳಿಕೊಟ್ಟರೆ ತಪ್ಪೇನು ಎಂದು ಕೆಲವರು ವಾದಿಸಬಹುದು. ಹೂವಿನ ಹಡಗಲಿಯಲ್ಲಿ ೧೯೨೦ರಲ್ಲಿ ಹುಟ್ಟಿ ಜಗತ್ತಿನ ಶ್ರೇಷ್ಠ ಸಂಖ್ಯಾಶಾಸ್ತ್ರಜ್ಞರಲ್ಲೊಬ್ಬರಾಗಿ ೨೦೨೩ರಲ್ಲಿ ತೀರಿಕೊಂಡ ಸಿ. ಆರ್. ರಾವ್ ಅವರ ಶಾಸ್ತ್ರ ಅಂಕಿಗಳನ್ನು ಕೂಡಿಸುವ ಗುಮಾಸ್ತಗಿರಿಯಾಗಿರಲಿಲ್ಲ. ಅನಿಶ್ಚಿತತೆಯ ನಡುವೆ ಎಷ್ಟರಮಟ್ಟಿಗೆ ಏನನ್ನು ಹೇಳಬಹುದೆಂಬ ವಿವೇಕವಾಗಿತ್ತು. ಒಂದು ಉದಾಹರಣೆ ಸಾಕು. ಸಾವಿರ ಪುರುಷರಿಗೆ ಸ್ತ್ರೀಯರ ಸಂಖ್ಯೆ ೨೦೦೧ರಲ್ಲಿ ೯೩೩ ಇದ್ದದ್ದು ೨೦೧೧ರಲ್ಲಿ ೯೪೩ಕ್ಕೆ ಏರಿತು. ಇಷ್ಟನ್ನೇ ಬರೆದುಕೊಟ್ಟರೆ ಉತ್ತರ ಸರಿ, ಅಂಕ ಪೂರ್ತಿ. ಆದರೆ ಅದೇ ಅವಧಿಯಲ್ಲಿ ಆರು ವರ್ಷದವರೆಗಿನ ಮಕ್ಕಳಲ್ಲಿ ಈ ಪ್ರಮಾಣ ೯೨೭ರಿಂದ ೯೨೦ಕ್ಕಿಂತ ಕೆಳಗಿಳಿಯಿತು. ಮೇಲೇರಿದ ಮೊದಲ ಅಂಕಿಯ ಮರೆಯಲ್ಲಿ ಹುಟ್ಟದೆ ಹೋದ ಹೆಣ್ಣುಮಕ್ಕಳಿದ್ದಾರೆ. ಎರಡನೆಯ ಅಂಕಿಯನ್ನು ಹುಡುಕಬೇಕೆಂಬ ಅನುಮಾನವೇ ಸಂಖ್ಯಾಶಾಸ್ತ್ರದ ಪಾಠ. ಆ ಅನುಮಾನವನ್ನು ಯಾರೂ ಬರೆಸಿಕೊಡಲಾರರು.

ಹೊರನಾಡ ಕನ್ನಡಿಗರಾದ ನಮಗೆ ಇದು ದೂರದ ಮಾತಲ್ಲ. ೨೦೧೧ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಹತ್ತು ಲಕ್ಷ. ಜನಗಣತಿ ಮಾತೃಭಾಷೆಯೆಂದು ಬರೆದುಕೊಳ್ಳುವುದು ಬಾಲ್ಯದಲ್ಲಿ ತಾಯಿ ಆಡಿದ ಭಾಷೆಯನ್ನು. ಇಂದು ಮನೆಯಲ್ಲಿ ಆಡುವ ಭಾಷೆಯನ್ನಲ್ಲ, ಓದಬಲ್ಲ ಭಾಷೆಯನ್ನೂ ಅಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಸಂಘದಲ್ಲಿ ಕನ್ನಡದ ಕೆಲಸ ಮಾಡುವವರು ಆ ಹತ್ತು ಲಕ್ಷದಲ್ಲಿ ಬರಬೇಕೆಂದಿಲ್ಲ. ಕನ್ನಡವನ್ನು ಎಂದೋ ಬಿಟ್ಟುಬಿಟ್ಟವರು ಬಂದಿರಬಹುದು. ನಮ್ಮ ಸಭೆಗಳಲ್ಲಿ, ಮನವಿಪತ್ರಗಳಲ್ಲಿ ಲಕ್ಷಗಳ ಲೆಕ್ಕ ಸಲೀಸಾಗಿ ಹರಿದಾಡುತ್ತದೆ. ಅದು ಯಾರ ಎಣಿಕೆ, ಯಾವ ವ್ಯಾಖ್ಯೆ ಎಂದು ಕೇಳಿದವರನ್ನು ಭಾಷಾಭಿಮಾನವಿಲ್ಲದವರೆಂದು ಗದರಿಸುವುದೂ ಉಂಟು. ೨೦೨೧ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ದೇಶದ ಬಹುಭಾಗಕ್ಕೆ ೨೦೨೭ರ ಮಾರ್ಚ್ ೧ನ್ನು ಆಧಾರ ದಿನಾಂಕವೆಂದು ಗೊತ್ತುಪಡಿಸಲಾಗಿದೆ. ಆ ಗಣತಿಯ ಅಂಕಿಗಳನ್ನು ಓದಬೇಕಾದವರು, ಅವುಗಳ ಮೇಲೆ ಶಾಲೆಯನ್ನೋ ಪಠ್ಯಪುಸ್ತಕವನ್ನೋ ಕೇಳಬೇಕಾದವರು ಇಂದು ನಮ್ಮಿಂದ ಉತ್ತರ ಬರೆಸಿಕೊಳ್ಳುತ್ತಿರುವ ಮಕ್ಕಳೇ.

ಈ ವಾದಕ್ಕೆ ಎದುರಾಗುವ ಒಂದು ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉಳ್ಳವರ ಮಕ್ಕಳಿಗೆ ಪುಸ್ತಕವಿದೆ, ವಿರಾಮವಿದೆ, ವಿಷಯ ಬಲ್ಲ ತಂದೆತಾಯಿಯರಿದ್ದಾರೆ. ಹೋಟೆಲ್ ಕಾರ್ಮಿಕನ ಮಗಳಿಗೆ ಏನಿದೆ? ಅವಳಿಗೆ ಸಿಗುವ ಒಂದು ಸಿದ್ಧ ಉತ್ತರವನ್ನೂ ತತ್ತ್ವದ ಹೆಸರಿನಲ್ಲಿ ಕಸಿದುಕೊಳ್ಳುವುದು ಮಧ್ಯಮವರ್ಗದ ಕ್ರೌರ್ಯವಲ್ಲವೇ ಎಂದು ಮಿತ್ರರು ಕೇಳುತ್ತಾರೆ. ಪ್ರಶ್ನೆಗಳೇ ಕೊಳೆತಿವೆ, ಅವಕ್ಕೆ ಕೊಳೆತ ಉತ್ತರ ಕೊಟ್ಟರೆ ಸಾಕು ಎಂದೂ ಹೇಳುತ್ತಾರೆ. ಎರಡನೆಯ ಮಾತನ್ನು ಒಪ್ಪುತ್ತೇನೆ. ಪಟ್ಟಿಮಾಡಿ, ಹೆಸರಿಸಿ, ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಗಳಿರುವ ತನಕ ಗೈಡು ಅಮರ. ಮೊದಲ ಮಾತನ್ನು ಒಪ್ಪಲಾರೆ. ಸಿದ್ಧ ಉತ್ತರ ಬಡವರ ಮಗಳಿಗೆ ಉಳ್ಳವರ ಮಗನಷ್ಟೇ ಅಂಕವನ್ನು ಒಂದು ದಿನದ ಮಟ್ಟಿಗೆ ಕೊಡಿಸೀತು. ಆದರೆ ವಾದಿಸುವ ಬಲ ಅವನಲ್ಲಿ ಉಳಿಯುತ್ತದೆ, ಅವಲಂಬನೆ ಇವಳಲ್ಲಿ. ಪಡಿತರ ಕಚೇರಿಯ ಮುಂದೆ, ಪೊಲೀಸ್ ಠಾಣೆಯ ಮುಂದೆ, ಸಂಬಳ ಹಿಡಿದ ಮಾಲಿಕನ ಮುಂದೆ ನಾಳೆ ನಿಲ್ಲಬೇಕಾದವಳು ಅವಳು. ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಮಾಹಿತಿ ಏಕೆ ಬೇಕೆಂಬ ಕಾರಣವನ್ನು ಅರ್ಜಿದಾರರು ಹೇಳಬೇಕಿಲ್ಲ. ಸಾಮಾನ್ಯವಾಗಿ ೩೦ ದಿನಗಳೊಳಗೆ ಉತ್ತರ ಬರಬೇಕು. ಆದರೆ ಅದು ಪ್ರಶ್ನೆಯನ್ನು ಖಚಿತವಾಗಿ ಕೇಳಬಲ್ಲವರಿಗೆ ಮಾತ್ರ ಒಲಿಯುವ ಕಾಯಿದೆ. ಹತ್ತು ವರ್ಷ ಉತ್ತರಗಳನ್ನಷ್ಟೇ ನಕಲು ಮಾಡಿದವರ ಕೈಯಲ್ಲಿ ಅದು ಕಾಗದದ ಕತ್ತಿ.

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಇತಿಹಾಸ ಈ ಆಕ್ಷೇಪಣೆಗೆ ನಮ್ಮದೇ ಆದ ಉತ್ತರ. ಹಗಲೆಲ್ಲ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ರಾತ್ರಿ ಕಣ್ಣುಜ್ಜಿಕೊಂಡು ಬಂದು ಕಲಿತ ಶಾಲೆಗಳವು. ಅಲ್ಲಿ ಬಿಡುವಿನ ಸಮಯವಿರಲಿಲ್ಲ, ಓದಿಸಬಲ್ಲ ತಂದೆತಾಯಿಯರು ಬಳಿಯಲ್ಲಿರಲಿಲ್ಲ. ಆದರೂ ಆ ಶಾಲೆಗಳಿಂದ ವಕೀಲರೂ ಕಾರ್ಮಿಕ ಮುಂದಾಳುಗಳೂ ಲೇಖಕರೂ ಹೊರಬಂದರು. ಅವರಿಗೆ ದೊರೆತದ್ದು ನೆರವು, ಉತ್ತರವಲ್ಲ. ಇವೆರಡರ ನಡುವಿನ ಗೆರೆಯನ್ನು ಅಳಿಸಿಹಾಕಿದ್ದು ಬಡತನವಲ್ಲ, ಅಂಕಗಳ ಸ್ಪರ್ಧೆಯನ್ನೇ ಶಿಕ್ಷಣವೆಂದು ನಂಬಿದ ನಮ್ಮ ಮಧ್ಯಮವರ್ಗ.

ಹಾಗಾದರೆ ಮಾಡಬೇಕಾದದ್ದೇನು? ಸಂಘಗಳ ಉಚಿತ ಪಾಠಗಳನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ, ಅವು ಹೆಚ್ಚಬೇಕು. ಆದರೆ ಈ ನಾಲ್ಕು ವಿಷಯಗಳಲ್ಲಿ ಉತ್ತರ ಬರೆಸುವ ಪದ್ಧತಿಯನ್ನು ಇಂದೇ ಕೈಬಿಡಬೇಕು. ಕಲಿಸುವವರು ಮಗುವಿಗೆ ಮೂರು ಪ್ರಶ್ನೆಗಳನ್ನು ಮರಳಿ ಕೇಳಲಿ: ಇದನ್ನು ಹೇಳಿದವರು ಯಾರು, ಯಾವಾಗ ಹೇಳಿದರು, ಇದನ್ನು ಒಪ್ಪದವರು ಏನನ್ನುತ್ತಾರೆ? ಸಂವಿಧಾನದ ಕನ್ನಡ ಪ್ರತಿ, ಜನಗಣತಿಯ ಕೋಷ್ಟಕ, ಪ್ರಮುಖ ತೀರ್ಪುಗಳ ಸಾರಾಂಶ, ಇಷ್ಟಾದರೂ ಪ್ರತಿ ಸಂಘದ ಗ್ರಂಥಾಲಯದಲ್ಲಿ ಗೈಡುಗಳ ಜಾಗವನ್ನು ತುಂಬಲಿ. ಯಂತ್ರವನ್ನು ಬಳಸುವುದಾದರೆ ಅದು ಕೊಟ್ಟ ಉತ್ತರವನ್ನೇ ಎದುರು ಪಕ್ಷದ ವಾದವೆಂದು ಇಟ್ಟುಕೊಂಡು, ಮೂಲವನ್ನು ತೆರೆದು ಅದರ ತಪ್ಪನ್ನು ಹುಡುಕುವುದು ಒಳ್ಳೆಯ ಅಭ್ಯಾಸವಾದೀತು. ಪಾಲಕರು ಶಾಲೆಯ ಸಭೆಗಳಲ್ಲಿ ಅಂಕ ಏಕೆ ಕಡಿಮೆಯಾಯಿತೆಂದು ಕೇಳುವ ಬದಲು, ಪ್ರಶ್ನೆ ಏಕೆ ಇಷ್ಟು ಬಡವಾಗಿದೆ ಎಂದು ಕೇಳಲಿ. ಮಗು ತಾನಾಗಿ ಯೋಚಿಸಿ ಬರೆದ ಅರೆಬರೆ ವಾಕ್ಯಕ್ಕೆ ಎರಡು ಅಂಕ ಕಡಿಮೆ ಬಂದರೆ ಅದನ್ನು ಸಹಿಸುವ ಧೈರ್ಯವೂ ಮನೆಯವರಲ್ಲಿರಬೇಕು.

ಜನಗಣತಿ ಏಳು ವರ್ಷ ದಾಟಿದವರಲ್ಲಿ ಯಾವುದಾದರೊಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಲೂ ಬರೆಯಲೂ ಬಲ್ಲವರನ್ನು ಮಾತ್ರ ಸಾಕ್ಷರರೆಂದು ಎಣಿಸುತ್ತದೆ. ಓದಲಷ್ಟೇ ಬಂದು ಬರೆಯಲು ಬಾರದವರು ಆ ಲೆಕ್ಕದಲ್ಲಿಲ್ಲ. ಅರ್ಥಮಾಡಿಕೊಂಡು ಎಂಬ ಆ ಪದವನ್ನು ನಾವು ಗಂಭೀರವಾಗಿ ತೆಗೆದುಕೊಂಡರೆ, ಪ್ರತಿಷ್ಠಿತ ಶಾಲೆಗಳಲ್ಲಿ ನೂರಕ್ಕೆ ತೊಂಬತ್ತು ಅಂಕ ಗಳಿಸುತ್ತಿರುವ ನಮ್ಮ ಎಷ್ಟು ಮಕ್ಕಳು ಪೌರನೀತಿಯಲ್ಲಿ ಸಾಕ್ಷರರು ಎಂಬ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ. ಈ ಪ್ರಶ್ನೆಯನ್ನು ಮುಂದಿನ ಸರ್ವಸಾಧಾರಣ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಹೊರನಾಡಿನ ಎಲ್ಲ ಕನ್ನಡ ಸಂಘಗಳನ್ನು ಒತ್ತಾಯಿಸುತ್ತೇನೆ.